ಮೇಜಿನ ಸ್ಕ್ಯಾನರ್ ಓದುತ್ತದೆ, ಅನಲೈಸರ್ ಓದುವುದಿಲ್ಲ: ಟ್ಯೂಬ್ ಲೇಬಲ್ ಬಗ್ಗೆ ಸಹಾಯ ಬೇಕು

ರಕ್ತಪರೀಕ್ಷೆ ವಿಭಾಗದ ತಂತ್ರಜ್ಞೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಯೋಗಾಲಯಕ್ಕೆ ಹೊಸ ಲೇಬಲ್ ಪ್ರಿಂಟರ್ ಬಂದಿದೆ. ರಿಬ್ಬನ್ ಹಾಕುವ ಬಗೆಯದು, 203 ಡಿಪಿಐ (ಇಂಚಿಗೆ 203 ಚುಕ್ಕೆ). ಲೇಬಲ್ 50 × 25 ಮಿ.ಮೀ., ಟ್ಯೂಬ್ 13 × 75 ಮಿ.ಮೀ. ಸ್ಯಾಂಪಲ್ ಸಂಖ್ಯೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ, ನಂತರ ಹತ್ತು ಅಂಕಿ. ಬಾರ್‌ಕೋಡ್ ಕೋಡ್ 128 ಎಂಬ ಬಗೆಯದು, ಅಗಲ 40 ಮಿ.ಮೀ. ಎಂದು ತಂತ್ರಾಂಶದಲ್ಲಿ ಕೊಟ್ಟಿದ್ದೇವೆ.

ನೋಂದಣಿ ಮೇಜಿನ ಸ್ಕ್ಯಾನರ್ ಎಲ್ಲವನ್ನೂ ಓದುತ್ತದೆ. ಅದೇ ಟ್ಯೂಬನ್ನು ಅನಲೈಸರ್‌ಗೆ (ರಕ್ತ ಪರೀಕ್ಷಿಸುವ ಯಂತ್ರಕ್ಕೆ) ಇಟ್ಟರೆ ಹಲವು ಬಾರಿ ಓದಲಾಗಲಿಲ್ಲ ಎಂಬ ಸೂಚನೆ ಬರುತ್ತದೆ. ಅಕ್ಷರ ಗಾಢವಾಗಲಿ ಎಂದು ಕಪ್ಪನ್ನು ಹೆಚ್ಚಿಸಿದೆವು. ತೊಂದರೆ ಇನ್ನೂ ಹೆಚ್ಚಾಯಿತು. ಕೈಗೆ ಸ್ಪಿರಿಟ್ ತಾಕಿದ್ದರೆ ಅಚ್ಚು ಅಳಿಸಿಹೋಗುತ್ತದೆ. ರಾತ್ರಿ ಪಾಳಿಯವರು ಬೇಸತ್ತು ಸಂಖ್ಯೆಯನ್ನು ಕೈಯಿಂದಲೇ ಹಾಕತೊಡಗಿದ್ದಾರೆ. ನನಗೆ ನಿಜವಾದ ಭಯವಿರುವುದು ಅದರದ್ದೇ.

ಇನ್ನೊಂದು ವಿಷಯ: ಒಂದು ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದರೆ ಸಂಖ್ಯೆ ಬೀಳುತ್ತದೆ, ಆದರೆ ಮುಂದಿನ ಪರದೆಗೆ ಹೋಗುವುದಿಲ್ಲ. ಒಮ್ಮೊಮ್ಮೆ ದೊಡ್ಡಕ್ಷರದ ಬದಲು ಚಿಕ್ಕಕ್ಷರ ಬರುತ್ತದೆ.

ಕಂಪ್ಯೂಟರ್ ವಿಭಾಗದವನು

ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಯುಎಸ್‌ಬಿ ಸ್ಕ್ಯಾನರ್ ಸಾಮಾನ್ಯವಾಗಿ ಕೀಬೋರ್ಡಿನಂತೆಯೇ ಕೆಲಸ ಮಾಡುತ್ತದೆ. ಹಾಗಾಗಿ ಕ್ಯಾಪ್ಸ್ ಲಾಕ್ ಒತ್ತಿದ್ದರೆ ಅಕ್ಷರಗಳು ತಿರುಗುಮುರುಗಾಗುತ್ತವೆ; ಕಂಪ್ಯೂಟರ್ ಬೇರೆ ಭಾಷೆಯ ಕೀಲಿ ವಿನ್ಯಾಸದಲ್ಲಿದ್ದರೆ ಅಕ್ಷರಗಳೇ ಬದಲಾಗುತ್ತವೆ. ಮೊದಲು ನೋಟ್‌ಪ್ಯಾಡ್ ತೆರೆದು ಅದರಲ್ಲಿ ಸ್ಕ್ಯಾನ್ ಮಾಡಿ ನೋಡಿ. ಕರ್ಸರ್ ಮುಂದಿನ ಸಾಲಿಗೆ ಇಳಿಯದಿದ್ದರೆ, ಸಂಖ್ಯೆಯ ನಂತರ ಎಂಟರ್ ಕಳಿಸುವ ವ್ಯವಸ್ಥೆ ಆ ಸ್ಕ್ಯಾನರಿನಲ್ಲಿ ಇಲ್ಲವೆಂದರ್ಥ. ಸ್ಕ್ಯಾನರಿನ ಕೈಪಿಡಿಯಲ್ಲಿ ಅದಕ್ಕೆಂದೇ ಮುದ್ರಿಸಿದ ಬಾರ್‌ಕೋಡ್ ಇರುತ್ತದೆ. ಅದನ್ನು ಓದಿಸಿದರೆ ಸಾಕು.

ಉಪಕರಣ ನಿರ್ವಾಹಕಿ

ಮೇಡಂ, ನಿಮ್ಮ ಅನಲೈಸರ್‌ನಲ್ಲಿ ದೋಷವಿಲ್ಲ, ದಯವಿಟ್ಟು ಅದರ ಎಂಜಿನಿಯರನ್ನು ಕರೆಸುವ ಮೊದಲು ಇದನ್ನು ಓದಿ. ನೀವು ಕೊಟ್ಟ ಅಳತೆಗಳಲ್ಲೇ ಉತ್ತರವಿದೆ.

203 ಡಿಪಿಐ ಅಂದರೆ ಒಂದು ಮಿ.ಮೀ.ಗೆ 8 ಚುಕ್ಕೆ. ಪ್ರಿಂಟರ್ ಚುಕ್ಕೆಯನ್ನು ಅರ್ಧ ಮಾಡಲಾರದು. ಕೋಡ್ 128ರಲ್ಲಿ ಪ್ರತಿ ಚಿಹ್ನೆಗೆ 11 ಘಟಕ (ಅತಿ ಸಣ್ಣ ಗೆರೆಯ ಅಗಲವೇ ಒಂದು ಘಟಕ). ಆರಂಭಕ್ಕೆ 11, ತಾಳೆ ನೋಡುವ ಚಿಹ್ನೆಗೆ 11, ಕೊನೆಗೆ 13. ನಿಮ್ಮ ಹನ್ನೆರಡು ಅಕ್ಷರಗಳನ್ನು ಒಂದೊಂದಾಗಿ ಬರೆದರೆ ಒಟ್ಟು 167 ಘಟಕ. 40 ಮಿ.ಮೀ.ಯಲ್ಲಿ 320 ಚುಕ್ಕೆ. ಭಾಗಿಸಿದರೆ ಒಂದು ಘಟಕಕ್ಕೆ ಸುಮಾರು 1.9 ಚುಕ್ಕೆ. ತಂತ್ರಾಂಶ ಅದನ್ನು ಚಿತ್ರದಂತೆ ಕುಗ್ಗಿಸಿ ಕಳಿಸಿದಾಗ ಕೆಲವು ಗೆರೆ ಎರಡು ಚುಕ್ಕೆ, ಕೆಲವು ಒಂದೇ ಚುಕ್ಕೆ ಆಗುತ್ತವೆ. ಕೈಯ ಸ್ಕ್ಯಾನರನ್ನು ನಾವು ಅತ್ತಿತ್ತ ಆಡಿಸಿ, ಹತ್ತಿರ ದೂರ ಮಾಡಿ ಓದಿಸಿಬಿಡುತ್ತೇವೆ. ಅನಲೈಸರ್‌ನ ಓದುಗಣ್ಣು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಸಿಕ್ಕ ಕ್ಷಣದಲ್ಲೇ ಓದಬೇಕು. ಕಪ್ಪು ಹೆಚ್ಚಿಸಿದಾಗ ಗೆರೆಗಳು ಹಿಗ್ಗಿ ನಡುವಿನ ಬಿಳಿಯನ್ನು ನುಂಗಿದವು, ಅದಕ್ಕೇ ಇನ್ನೂ ಕೆಟ್ಟಿತು.

ಸಂಖ್ಯೆಯನ್ನು ಬದಲಿಸಬೇಕಾಗಿಲ್ಲ. ಕೋಡ್ 128ಕ್ಕೆ ಅಂಕಿಗಳನ್ನು ಜೋಡಿ ಜೋಡಿಯಾಗಿ ಬರೆಯುವ 'ಸಿ' ಎಂಬ ವಿಧಾನವಿದೆ. ತಂತ್ರಾಂಶದಲ್ಲಿ 'ಆಟೋ' ಆಯ್ದುಕೊಂಡರೆ ಎರಡು ಅಕ್ಷರವನ್ನು ಒಂದೊಂದಾಗಿ ಬರೆಯುವ 'ಬಿ' ವಿಧಾನದಲ್ಲಿ ಬರೆದು, ಹತ್ತು ಅಂಕಿಗಳನ್ನು ಐದೇ ಚಿಹ್ನೆಗಳಲ್ಲಿ ಮುಗಿಸುತ್ತದೆ. ನಡುವೆ 'ಬಿ'ಯಿಂದ 'ಸಿ'ಗೆ ಬದಲಾಗುವ ಒಂದು ಚಿಹ್ನೆಯೂ ಸೇರಿ ಆಗ 123 ಘಟಕ. ಘಟಕಕ್ಕೆ ಸರಿಯಾಗಿ 2 ಚುಕ್ಕೆ, ಅಂದರೆ 0.25 ಮಿ.ಮೀ. ಕೊಟ್ಟರೆ 30.75 ಮಿ.ಮೀ. ಎರಡೂ ಬದಿ ಹತ್ತು ಹತ್ತು ಘಟಕದ ಖಾಲಿ ಬಿಳಿ ಅಂಚು ಕಡ್ಡಾಯ. ಅದನ್ನು ಸೇರಿಸಿದರೂ 35.75. ಅಗಲವನ್ನು ಮಿ.ಮೀ.ಯಲ್ಲಿ ಎಳೆದು ಹೊಂದಿಸಬೇಡಿ, ಚುಕ್ಕೆಯ ಲೆಕ್ಕದಲ್ಲೇ ಕೊಡಿ. ಸಾಧ್ಯವಿದ್ದರೆ ಬಾರ್‌ಕೋಡನ್ನು ಚಿತ್ರವಾಗಿ ಕಳಿಸದೆ, ಪ್ರಿಂಟರಿನ ಸ್ವಂತ ಆದೇಶದಿಂದ ಮುದ್ರಿಸಿ.

ಸ್ಪಿರಿಟ್‌ಗೆ ಅಳಿಸುವುದು ರಿಬ್ಬನ್‌ನಿಂದ. ನೀವು ಹಾಕಿರುವುದು ಬಹುಶಃ ಮೇಣದ ರಿಬ್ಬನ್. ಪ್ರಯೋಗಾಲಯಕ್ಕೆ ರೆಸಿನ್ ರಿಬ್ಬನ್ ಬೇಕು, ಅದರ ಜೊತೆಗೆ ಕಾಗದವಲ್ಲ, ಪಾಲಿಯೆಸ್ಟರಿನಂಥ ಪ್ಲಾಸ್ಟಿಕ್ ಲೇಬಲ್. ರೆಸಿನ್‌ಗೆ ಹೆಚ್ಚು ಬಿಸಿ ಬೇಕು. ಆದ್ದರಿಂದ ಮೊದಲು ವೇಗ ಇಳಿಸಿ, ಆಮೇಲೆ ಮಾತ್ರ ಕಪ್ಪನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಹೊಸ ಲೇಬಲ್ ಹಾಕಿದಾಗಲೆಲ್ಲ ಸೆನ್ಸರನ್ನು ಕ್ಯಾಲಿಬ್ರೇಟ್ ಮಾಡಿ, ಇಲ್ಲದಿದ್ದರೆ ಖಾಲಿ ಲೇಬಲ್ ಹಾರತೊಡಗುತ್ತವೆ.

ರಿಬ್ಬನ್ ಬದಲಿಸುವಾಗಲೆಲ್ಲ ಪ್ರಿಂಟ್‌ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಒರೆಸಿದ ಮೇಲೂ ಪ್ರತಿ ಲೇಬಲಿನಲ್ಲಿ ಒಂದೇ ಜಾಗದಲ್ಲಿ ಸಣ್ಣ ಬಿಳಿ ಗೆರೆ ಉಳಿದರೆ ಅಲ್ಲೊಂದು ಚುಕ್ಕೆ ಸುಟ್ಟಿದೆ ಎಂದು ತಿಳಿಯಿರಿ. ಆ ಗೆರೆ ಬಾರ್‌ಗಳಿಗೆ ಸಮಾನಾಂತರವಾಗಿದ್ದರೆ ಒಂದು ಬಾರನ್ನೇ ಅಳಿಸಿಬಿಡುತ್ತದೆ. ಹೆಡ್ ಬದಲಿಸದೆ ದಾರಿಯಿಲ್ಲ.

ಅಂಟಿಸುವಾಗ ಲೇಬಲಿನ ಉದ್ದ ಟ್ಯೂಬಿನ ಉದ್ದಕ್ಕೆ ಇರಲಿ. ಟ್ಯೂಬನ್ನು ನೇರ ಹಿಡಿದರೆ ಬಾರ್‌ಗಳು ಏಣಿಯ ಮೆಟ್ಟಿಲಿನಂತೆ ಕಾಣಬೇಕು. ಅಡ್ಡ ಸುತ್ತಿದರೆ ಬಾರ್‌ಕೋಡಿನ ತುದಿಗಳು ಬಾಗಿನಲ್ಲಿ ಮರೆಯಾಗುತ್ತವೆ. ಸೊಟ್ಟಗಿದ್ದರೂ, ಸುಕ್ಕು ಬಿದ್ದರೂ ಓದುವುದಿಲ್ಲ. ಹಳೆಯ ಲೇಬಲ್ ಮೇಲೆ ಇನ್ನೊಂದನ್ನು ಅಂಟಿಸುವಾಗ ಹಳೆಯ ಬಾರ್‌ಗಳು ಸ್ವಲ್ಪವೂ ಇಣುಕದಿರಲಿ.

ಕೈಯಿಂದ ಸಂಖ್ಯೆ ಹಾಕುವುದನ್ನು ಇಂದೇ ನಿಲ್ಲಿಸಿ. ಕೋಡ್ 128ರೊಳಗೆ ತಾಳೆ ಚಿಹ್ನೆ ಇರುವುದರಿಂದ ಕೆಟ್ಟ ಬಾರ್‌ಕೋಡನ್ನು ಯಂತ್ರ ತಿರಸ್ಕರಿಸುತ್ತದೆ. ಬೆರಳಿನ ತಪ್ಪನ್ನು ಹಾಗೆ ತಡೆಯುವವರು ಯಾರೂ ಇಲ್ಲ. ಒಂದು ಅಂಕಿ ಜಾರಿದರೆ ಒಬ್ಬರ ಪೊಟ್ಯಾಸಿಯಂ ಇನ್ನೊಬ್ಬರ ವರದಿಯಲ್ಲಿ ಸೇರುತ್ತದೆ. ಓದದ ಟ್ಯೂಬಿಗೆ ಹೊಸ ಲೇಬಲ್ ಮುದ್ರಿಸಿ, ಇಬ್ಬರು ಹೆಸರು ನೋಡಿ ಅಂಟಿಸುವುದು ನಿಧಾನವಾದರೂ ಸರಿ.

ಮಾದರಿ ಸಂಗ್ರಹಾಗಾರದವನು

ಸೀರಂ ಎತ್ತಿಡುವ ಸಣ್ಣ ವಯಲ್‌ಗಳಿಗೆ ಇದೇ ಲೇಬಲ್ ಬಳಸಬೇಡಿ ಎಂದಷ್ಟೇ ಸೇರಿಸುತ್ತೇನೆ. ಅಲ್ಲಿ ಡೇಟಾ ಮ್ಯಾಟ್ರಿಕ್ಸ್ (ಗೆರೆಗಳ ಬದಲು ಸಣ್ಣ ಚೌಕಗಳಿರುವ ಕೋಡ್) ಹಾಕಿ. 16 × 16 ಚೌಕದಲ್ಲಿ ಹನ್ನೆರಡು ಅಕ್ಷರಗಳು ಆರಾಮವಾಗಿ ಕೂರುತ್ತವೆ. ಪ್ರತಿ ಸಣ್ಣ ಚೌಕಕ್ಕೆ 2 ಚುಕ್ಕೆಯಂತೆ ಕೋಡಿನ ಒಂದು ಬದಿಗೆ 4 ಮಿ.ಮೀ. ಸಾಕು. ಆದರೆ ಲೇಸರ್ ಸ್ಕ್ಯಾನರ್ ಇದನ್ನು ಓದಲಾರದು, ಕ್ಯಾಮೆರಾ ಇರುವ 2ಡಿ ಸ್ಕ್ಯಾನರ್ ಬೇಕು. −80 ಡಿಗ್ರಿಗೆ ಹೋಗುವ ವಯಲ್ ಆದರೆ ಶೈತ್ಯಕ್ಕೆಂದೇ ತಯಾರಾದ ಅಂಟಿನ ಲೇಬಲನ್ನು ಒಣಗಿದ ವಯಲ್‌ಗೆ, ತಣ್ಣಗಾಗುವ ಮೊದಲೇ ಅಂಟಿಸಿ.

ರಕ್ತಪರೀಕ್ಷೆ ವಿಭಾಗದ ತಂತ್ರಜ್ಞೆ

'ಆಟೋ' ಆಯ್ದು, ಘಟಕಕ್ಕೆ 2 ಚುಕ್ಕೆ ಕೊಟ್ಟೆವು. ಅನಲೈಸರ್ ಈಗ ತಡವರಿಸದೆ ಓದುತ್ತಿದೆ. ರೆಸಿನ್ ರಿಬ್ಬನ್‌ಗೆ ಬೇಡಿಕೆ ಕಳಿಸಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ. ಒಂದೇ ಸಂಶಯ: ರೋಲ್ ಮುಗಿದು ಹೊಸದು ಹಾಕಿದಾಗ ಹಿಂದಿನ ರೋಗಿಯ ಲೇಬಲ್ ಮತ್ತೊಮ್ಮೆ ಹೊರಬರುತ್ತದೆ. ಇದು ಪ್ರಿಂಟರಿನ ದೋಷವೇ?

ಉಪಕರಣ ನಿರ್ವಾಹಕಿ

ದೋಷವಲ್ಲ. ಅರ್ಧಕ್ಕೆ ನಿಂತ ಲೇಬಲನ್ನು ಪ್ರಿಂಟರ್ ಮತ್ತೆ ಮುದ್ರಿಸುತ್ತದೆ, ಆಮೇಲೆ ಸರದಿಯಲ್ಲಿ ಕಾಯುತ್ತಿರುವವು ಬರುತ್ತವೆ. ಲೇಬಲ್ ಬರಲಿಲ್ಲವೆಂದು ಯಾರಾದರೂ ಮರುಮುದ್ರಣ ಒತ್ತಿದ್ದರೆ ಅವೂ ಸೇರಿಕೊಳ್ಳುತ್ತವೆ. ರೋಲ್ ಬದಲಿಸಿದ ಮೇಲೆ ಸರದಿ ಪೂರ್ತಿ ಖಾಲಿಯಾಗುವವರೆಗೆ ಯಾವ ಟ್ಯೂಬಿಗೂ ಲೇಬಲ್ ಅಂಟಿಸಬೇಡಿ. ಬಂದವುಗಳಲ್ಲಿ ಮುಂದಿರುವ ರೋಗಿಯ ಹೆಸರು, ಸಂಖ್ಯೆಗೆ ಹೊಂದುವುದನ್ನು ಮಾತ್ರ ಇಟ್ಟುಕೊಂಡು, ಉಳಿದವನ್ನು ಅಲ್ಲೇ ಹರಿದುಹಾಕಿ; ಮೇಜಿನ ಅಂಚಿಗೆ ಅಂಟಿಸಿಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ.