ಟೊರಿನೊದಲ್ಲಿ ಒಳ್ಳೆ ಜೆಲಾಟೊ ಅಂಗಡಿ ಗುರುತಿಸೋದು ಹೇಗೆ?

ಪ್ರಶ್ನೆ: ಪಾಲಿಟೆಕ್ನಿಕ್‌ನಲ್ಲಿ ಓದೋಕೆ ಇಟಲಿಯ ಟೊರಿನೊಗೆ ಬಂದಿದೀನಿ. ಎಲ್ಲಿ ನೋಡಿದ್ರೂ ಜೆಲಾಟೊ (ಇಟಲಿಯ ಐಸ್‌ಕ್ರೀಮ್) ಅಂಗಡಿ, ಎಲ್ಲದರ ಬೋರ್ಡ್ ಮೇಲೂ ‘ಆರ್ತಿಜನಾಲೆ’, ಅಂದ್ರೆ ಕುಶಲ ಕೈಗಳು ಮಾಡಿದ್ದು ಅಂತ. ದುಡ್ಡು ಕೊಡೋ ಮೊದಲೇ ಒಳ್ಳೇದು ಯಾವುದು ಅಂತ ತಿಳಿಯೋದು ಹೇಗೆ? ಮೊಟ್ಟೆ ತಿನ್ನಲ್ಲ, ಅದಕ್ಕೂ ದಾರಿ ಹೇಳಿ.

ಉತ್ತರ 1: ಬೋರ್ಡ್ ಬಿಡಿ. ರೆಡಿಮೇಡ್ ಪುಡಿಗೆ ಹಾಲು ಕಲಸಿ ತಿರುಗಿಸೋರೂ ಅದೇ ಪದ ಬರೆಸಿರ್ತಾರೆ. ಬೇರೆ ಊರಲ್ಲಾದ್ರೆ ಪಿಸ್ತಾ ನೋಡಿ ಅನ್ನಬಹುದು, ಟೊರಿನೊದಲ್ಲಿ ಮೊದಲು ‘ನೊಚ್ಚೋಲಾ’, ಅಂದ್ರೆ ಹೇಜಲ್‌ನಟ್ ಫ್ಲೇವರ್ ನೋಡಿ. ಹೇಜಲ್‌ನಟ್ ಟೊರಿನೊ ಇರೋ ಪಿಯೆಮೊಂತೆ ಪ್ರಾಂತ್ಯದ್ದೇ ಬೆಳೆ. ಅದನ್ನೇ ಕೆಡಿಸೋ ಅಂಗಡಿಯಲ್ಲಿ ಉಳಿದದ್ದರ ಮೇಲೆ ಆಸೆ ಬೇಡ. ಬಣ್ಣ ಮಂಕಾದ ತಿಳಿ ಕಂದು ಇರಬೇಕು. ಬಾಯಲ್ಲಿ ಹುರಿದ ಬೀಜದ ರುಚಿ ಕೊನೇವರೆಗೂ ನಿಲ್ಲಬೇಕು, ಕ್ಯಾರಮೆಲ್ ಥರ ಬರೀ ಸಿಹಿ ಉಳಿದ್ರೆ ಪೇಸ್ಟ್ ಕಮ್ಮಿ ಹಾಕಿದಾರೆ. ಒಂದು ಚಮಚ ರುಚಿ ಕೇಳೋಕೆ ಸಂಕೋಚ ಬೇಡ: ‘ಪೊಸ್ಸೊ ಅಸ್ಸಜ್ಜಾರೆ?’

ಪಿಸ್ತಾ ಗಿಳಿ ಹಸಿರಿದ್ರೆ, ಬಾಳೆಹಣ್ಣು ಹಳದಿ ಇದ್ರೆ, ಪುದೀನ ನೀಲಿ-ಹಸಿರಿದ್ರೆ ಮುಂದಕ್ಕೆ ನಡೀರಿ. ಸಿಸಿಲಿಯ ಬ್ರೋಂತೆ ಊರಿನ ಹೆಸರಾಂತ ಪಿಸ್ತಾ ಬೆಳೆ ಕೊಯ್ಯೋದೇ ಎರಡು ವರ್ಷಕ್ಕೊಮ್ಮೆ. ಮಿಕ್ಕ ಫ್ಲೇವರ್ ದರದಲ್ಲೇ ‘ಬ್ರೋಂತೆ’ ಕೊಡ್ತೀವಿ ಅಂದ್ರೆ ಅನುಮಾನ ಪಡಿ.

ಗೋಪುರದ ಹಾಗೆ ಪೇರಿಸಿ, ಮೇಲೆ ಹಣ್ಣು ಚುಚ್ಚಿಟ್ಟಿದ್ರೆ ಅದನ್ನು ನಿಲ್ಲಿಸಿರೋದು ಹೆಚ್ಚಿನ ಗಾಳಿ, ಸಸ್ಯಜನ್ಯ ಕೊಬ್ಬು. ಸ್ಟೀಲ್ ಮುಚ್ಚಳದ ಆಳವಾದ ಡಬ್ಬಿಗೆ ‘ಪೊಜ್ಜೆತ್ತಿ’ ಅಂತಾರೆ. ತಣ್ಣಗೆ ಒಂದೇ ಹದದಲ್ಲಿ ಇಡೋಕೆ ಅದು ಒಳ್ಳೇದು.

ಉತ್ತರ 2: ಪೊಜ್ಜೆತ್ತಿ ಬಗ್ಗೆ ಒಂದು ಮಾತು ಸೇರಿಸ್ತೀನಿ: ಮುಚ್ಚಳದ ಕೆಳಗೂ ಪುಡಿ ಜೆಲಾಟೊ ಇರಬಹುದು. ಸಾಮಗ್ರಿ ಪಟ್ಟಿ ಕೇಳಿ, ‘ಲೀಬ್ರೊ ಇಂಗ್ರೆದಿಯೆಂತಿ’. ಗೋಡೆಗೆ ಅಂಟಿಸಿರ್ತಾರೆ, ಇಲ್ಲಾ ಕೌಂಟರ್ ಪಕ್ಕ ಫೈಲ್ ಇರುತ್ತೆ.

ಅದರಲ್ಲಿ ಇ ನಂಬರ್ (ಆಹಾರಕ್ಕೆ ಬೆರೆಸೋ ಪದಾರ್ಥಗಳ ಯುರೋಪಿನ ಸಂಕೇತ) ಕಂಡ ಕೂಡಲೇ ಹೆದರಿ ಓಡಬೇಡಿ. ಇ 410 ಕ್ಯಾರಬ್ ಬೀಜದ ಹಿಟ್ಟು. ಇ 412 ನಮ್ಮ ಗೋರಿಕಾಯಿ ಬೀಜದ್ದೇ. ನೀರನ್ನು ಹಿಡಿದಿಟ್ಟು ಐಸ್ ಹರಳು ದಪ್ಪ ಆಗದ ಹಾಗೆ ತಡೀತವೆ, ಒಳ್ಳೊಳ್ಳೆಯವರೂ ಚಿಟಿಕೆ ಹಾಕ್ತಾರೆ. ಡೆಕ್ಸ್‌ಟ್ರೋಸ್ ಅನ್ನೋ ಸಕ್ಕರೆ ಕೂಡ ತಪ್ಪಲ್ಲ, ಕಲ್ಲಾಗದೆ ಮೆತ್ತಗಿರೋಕೆ ಅದು. ಕೊಬ್ಬರಿ ಎಣ್ಣೆ, ಅಂದ್ರೆ ‘ಒಲಿಯೊ ದಿ ಕೊಕ್ಕೊ’, ಪಟ್ಟಿಯ ಮೇಲ್ಭಾಗದಲ್ಲಿದ್ರೆ ಕೆನೆಯ ಜಾಗ ಅದು ಹಿಡಿದಿದೆ ಅಂತ. ಪಿಸ್ತಾದಲ್ಲಿ ಇ 141 ಇದ್ರೆ ಆ ಹಸಿರು ಬೀಜದ್ದಲ್ಲ, ಬೆರೆಸಿದ ಬಣ್ಣದ್ದು.

ಉತ್ತರ 3: ಮೊಟ್ಟೆ ವಿಷಯ. ‘ಕ್ರೇಮಾ’, ‘ಜಬಾಯೊನೆ’ ಎರಡರಲ್ಲೂ ಹಳದಿ ಭಾಗ ಇದ್ದೇ ಇರುತ್ತೆ. ಜಬಾಯೊನೆಗೆ ವೈನ್ ಕೂಡ ಬೀಳುತ್ತೆ. ‘ಫಿಯೊರ್ದಿಲಾತ್ತೆ’ (ಬರೀ ಹಾಲಿನದು), ‘ಸ್ತ್ರಾಚ್ಚತೆಲ್ಲಾ’ (ಅದಕ್ಕೇ ಚಾಕೊಲೇಟ್ ಚೂರು ಹಾಕಿದ್ದು) ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರಲ್ಲ. ಸಿಕ್ಕಿಬೀಳೋದು ಚಾಕೊಲೇಟು, ನೊಚ್ಚೋಲಾದಲ್ಲಿ: ಕೆಲವರು ಅವಕ್ಕೂ ಮೊಟ್ಟೆ ಹಾಕಿದ ಮೂಲ ಮಿಶ್ರಣ ‘ಬಾಜೆ ಜಾಲ್ಲಾ’ ಬಳಸ್ತಾರೆ, ಕೆಲವರು ಬರೀ ಹಾಲಿನ ‘ಬಾಜೆ ಬಿಯಾಂಕಾ’. ‘ಚಿ ಸೊನೊ ಉವೊವಾ?’ (ಮೊಟ್ಟೆ ಇದೆಯಾ?) ಅಂತ ಪ್ರತಿ ಫ್ಲೇವರ್‌ಗೂ ಕೇಳಿ. ಮೊಟ್ಟೆ ಯುರೋಪಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ಆದ್ದರಿಂದ ಬರಹದಲ್ಲೇ ತೋರಿಸೋಕೆ ಹೇಳಬಹುದು. ಅರೆಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಸೆಮಿಫ್ರೆದ್ದೊದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ, ಬಿಟ್ಟುಬಿಡಿ. ಕೆಂಪು ಫ್ಲೇವರ್‌ನಲ್ಲಿ ಇ 120 ಇದ್ರೆ ಅದು ಕೀಟದಿಂದ ತೆಗೆದ ಬಣ್ಣ. ‘ಮಾಲಗಾ’ದಲ್ಲಿ ಒಣದ್ರಾಕ್ಷಿ ಜೊತೆ ವೈನ್ ಇಲ್ಲಾ ರಮ್ ಇರುತ್ತೆ. ಹಣ್ಣಿನ ಸೊರ್ಬೆತ್ತೊ ನೀರಿನದು. ಅದಕ್ಕೂ ಒಮ್ಮೆ ಪಟ್ಟಿ ನೋಡಿ.

ಉತ್ತರ 4: ತುಂಬಾ ಕಡೆ ಮೊದಲು ‘ಕಾಸ್ಸಾ’ದಲ್ಲಿ ದುಡ್ಡು ಕಟ್ಟಿ ಚೀಟಿ ತಗೊಂಡು, ಆಮೇಲೆ ಕೌಂಟರಿಗೆ ಹೋಗಬೇಕು. ಸೈಜ್ ನೀವೇ ಹೇಳಿ, ಚಿಕ್ಕದಾದ ‘ಪಿಕ್ಕೊಲೊ’ದಲ್ಲೂ ಸಾಮಾನ್ಯವಾಗಿ ಎರಡು ಫ್ಲೇವರ್ ಕೊಡ್ತಾರೆ. ಡಿಸೆಂಬರ್‌ನಲ್ಲಿ ಸ್ಟ್ರಾಬೆರಿ, ಪೀಚ್ ಇಟ್ಟಿರೋ ಅಂಗಡಿಯಲ್ಲಿ ಹಣ್ಣಿನ ಫ್ಲೇವರ್ ಬೇಡ. ಆಗಸ್ಟ್ 15ರ ಆಚೀಚೆ ಬಡಾವಣೆ ಅಂಗಡಿಗಳು ರಜೆಗೆ ಮುಚ್ಚಿರ್ತವೆ. ಪಿಯಾಜ್ಜಾ ಕರಿಞಾನೊ ಚೌಕದ ಪೆಪೀನೊ ಅಂಗಡಿ 1884ರದ್ದು. ಕಡ್ಡಿಗೆ ಚುಚ್ಚಿ ಚಾಕೊಲೇಟ್ ಹೊದಿಸಿದ ‘ಪಿಂಗ್ವೀನೊ’ಗೆ 1939ರಲ್ಲಿ ಪೇಟೆಂಟ್ ತಗೊಂಡವರು. ಒಮ್ಮೆ ತಿನ್ನಿ, ದಿನಾ ತಿನ್ನೋಕೆ ಮನೆ ಹತ್ತಿರದ್ದು ಹುಡುಕಿ.

ಮನೆಗೆ ಒಯ್ಯೋದಾದ್ರೆ ಅರ್ಧ ಕೆಜಿ ಥರ್ಮಾಕೋಲ್ ಡಬ್ಬಿ ಸಿಗುತ್ತೆ. ಅಂಗಡಿಯಲ್ಲಿ ಅದು ಇರೋದು ಮೈನಸ್ 12-14 ಡಿಗ್ರಿಯಲ್ಲಿ. ಮನೆ ಫ್ರೀಜರ್ ಮೈನಸ್ 18, ಅದಕ್ಕೇ ಕಲ್ಲಾಗುತ್ತೆ. ತಿನ್ನೋ ಹತ್ತು ಹದಿನೈದು ನಿಮಿಷ ಮುಂಚೆ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ, ಹೊರಗಿಡಬೇಡಿ. ಅಂಚು ಕರಗಿ ಮತ್ತೆ ಹೆಪ್ಪುಗಟ್ಟಿದ್ರೆ ಮರಳು ಮರಳಾಗುತ್ತೆ, ಆಮೇಲೆ ಅದನ್ನು ಮಿಲ್ಕ್‌ಶೇಕ್‌ಗೆ ಹಾಕೋದೇ ಸರಿ.