ಕಪ್ಲಿಂಗ್‌ಗೆ ‘ತಳುಕು’ ಅನ್ನಬಹುದಾ?

ಗೆಳೆಯರೇ,

ಪಾಲಿಟೆಕ್ನಿಕ್ ಹುಡುಗರಿಗಾಗಿ, ತಂತಿ ಇಲ್ಲದೆ ಕರೆಂಟ್ ದಾಟಿಸುವ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಫೋನನ್ನು ಪ್ಯಾಡ್ ಮೇಲೆ ಇಟ್ಟರೆ ಚಾರ್ಜ್ ಆಗುತ್ತದಲ್ಲ, ಅದೇ. ಕಾಯಿಲ್‌ಗೆ ಸುರುಳಿ ಇದೆ, ರೆಸೊನೆನ್ಸ್‌ಗೆ ಅನುರಣನ ಇದೆ, ಎಫಿಶಿಯನ್ಸಿಗೆ ದಕ್ಷತೆ ಇದೆ. ಕಪ್ಲಿಂಗ್‌ಗೆ ಮಾತ್ರ ಮನಸ್ಸಿಗೆ ಒಪ್ಪುವ ಪದ ಸಿಕ್ಕಿಲ್ಲ.

ಒಂದು ಸುರುಳಿಗೆ ಎಸಿ ಕರೆಂಟ್ ಕೊಟ್ಟರೆ ಸುತ್ತ ಕಾಂತಕ್ಷೇತ್ರ ಏಳುತ್ತದೆ, ಇಳಿಯುತ್ತದೆ. ಅದರಲ್ಲಿ ಒಂದು ಪಾಲು ಎದುರಿನ ಸುರುಳಿಯೊಳಗೆ ಹಾದುಹೋಗಿ ಅಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. 1831ರಲ್ಲಿ ವಿಜ್ಞಾನಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಆ ಪಾಲು ಎಷ್ಟು ಅನ್ನುವುದೇ ಕಪ್ಲಿಂಗ್. 0ಯಿಂದ 1ರವರೆಗಿನ ಅಂಕಿಯಲ್ಲಿ ಅದನ್ನು ಹೇಳುತ್ತಾರೆ. ಕಬ್ಬಿಣದ ಕೋರ್ ಇರುವ ಟ್ರಾನ್ಸ್‌ಫಾರ್ಮರಿನಲ್ಲಿ 1ರ ಹತ್ತಿರ ಇರುತ್ತದೆ. ಸುರುಳಿಗಳು ದೂರವಾದಂತೆ, ಪಕ್ಕಕ್ಕೆ ಸರಿದಂತೆ ಬೇಗ ಇಳಿಯುತ್ತದೆ. ಈಗಿನ ಕೆಲವು ಫೋನುಗಳ ಬೆನ್ನಲ್ಲಿ ಅಯಸ್ಕಾಂತದ ಬಳೆ ಇರುವುದು ಇದಕ್ಕೇ, ಸುರುಳಿಯ ಮೇಲೆ ಸುರುಳಿ ನೇರವಾಗಿ ಕೂರಲಿ ಅಂತ.

ಇಲ್ಲಿ ಪದ ಸಡಿಲವಾದರೆ ಪಾಠವೇ ಕೆಡುತ್ತದೆ. ದಕ್ಷತೆ ಎರಡು ವಿಷಯಗಳ ಗುಣಲಬ್ಧದ ಮೇಲೆ ನಿಂತಿದೆ. ಒಂದು ಈ ಕಪ್ಲಿಂಗ್. ಇನ್ನೊಂದು ಸುರುಳಿಯ ‘ಕ್ಯೂ’, ಅಂದರೆ ಸುರುಳಿ ತಾನೇ ಬಿಸಿಯಾಗಿ ಎಷ್ಟು ಕಡಿಮೆ ಪೋಲು ಮಾಡುತ್ತದೆ ಅನ್ನುವ ಅಳತೆ. ಎರಡೂ ಸುರುಳಿಗಳ ಕ್ಯೂ 100, ಕಪ್ಲಿಂಗ್ 0.1 ಇದ್ದರೆ, ಲೋಡನ್ನು (ಆ ಕರೆಂಟ್ ಬಳಸುವ ಸಾಧನವನ್ನು) ಸರಿಯಾಗಿ ಹೊಂದಿಸಿದಾಗ ಶೇ. 82ರವರೆಗೆ ದಾಟಿಸಬಹುದು. ಕಪ್ಲಿಂಗ್ 0.01ಕ್ಕೆ ಇಳಿದರೆ ಬರೀ ಶೇ. 17. ಆದರೆ ಆಗ ಕ್ಯೂ 1000ಕ್ಕೆ ಏರಿಸಿದರೆ ಮತ್ತೆ ಶೇ. 82! 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎರಡು ಮೀಟರ್ ದೂರದಲ್ಲಿ 60 ವ್ಯಾಟ್ ಬಲ್ಬ್ ಉರಿಸಿದ್ದು ಇದೇ ದಾರಿಯಲ್ಲಿ. ದಕ್ಷತೆ ಸುಮಾರು ಶೇ. 40 ಇತ್ತು. ಕ್ಯೂ ಏರಿಸಲು ಒಂದೇ ದಪ್ಪ ತಂತಿಯ ಬದಲು, ಕೂದಲೆಳೆಯಂಥ ಇನ್ಸುಲೇಷನ್ ಇರುವ ಎಳೆಗಳನ್ನು ಹೊಸೆದ ಲಿಟ್ಜ್ ತಂತಿ ಸುತ್ತುತ್ತಾರೆ. ಕಪ್ಲಿಂಗ್ ಏರಿಸಲು ಸುರುಳಿಯ ಹಿಂದೆ ಫೆರೈಟ್ (ಕಾಂತಕ್ಷೇತ್ರಕ್ಕೆ ಸುಲಭ ದಾರಿ ಕೊಡುವ, ಪಿಂಗಾಣಿಯಂಥ ವಸ್ತು) ಹಲಗೆ ಕೂರಿಸುತ್ತಾರೆ.

ಹುಡುಗರು ಎಡವುವುದು ಇನ್ನೊಂದು ಕಡೆ. ಕೆಪಾಸಿಟರ್ ಹಾಕಿ ಅನುರಣನಕ್ಕೆ ತಂದರೆ, ಅಂದರೆ ಎರಡೂ ಸುರುಳಿಗಳನ್ನು ಒಂದೇ ಆವರ್ತನಕ್ಕೆ ಟ್ಯೂನ್ ಮಾಡಿದರೆ, ಕಪ್ಲಿಂಗ್ ಜಾಸ್ತಿಯಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಸುರುಳಿಗಳ ಆಕಾರ, ದೂರ, ನೇರ, ನಡುವೆ ಮತ್ತು ಸುತ್ತ ಇರುವ ವಸ್ತು, ಇವು ಬದಲಾಗದಿದ್ದರೆ ಆ ಅಂಕಿ ಅಲ್ಲಾಡುವುದಿಲ್ಲ. ಇರುವ ಸಣ್ಣ ಕಪ್ಲಿಂಗನ್ನೇ ಚೆನ್ನಾಗಿ ದುಡಿಸಿಕೊಳ್ಳಲು ಅನುರಣನ ನೆರವಾಗುತ್ತದೆ, ಅಷ್ಟೇ.

ಈಗ ಪದಗಳಿಗೆ ಬರುತ್ತೇನೆ. ‘ಜೋಡಣೆ’ ಅಂದರೆ ಹುಡುಗರು ತಂತಿ ಸೇರಿಸಲು ಹೋಗುತ್ತಾರೆ. ತಂತಿಯೇ ಇಲ್ಲದ ಕಡೆ ಆ ಮಾತು ಹೊಂದುವುದಿಲ್ಲ, ಅಲ್ವಾ? ‘ಬೆಸುಗೆ’ ಚೆಂದದ ಪದ, ಆದರೆ ಅದೇ ಹುಡುಗ ಅದೇ ಮೇಜಿನ ಮೇಲೆ ಕೆಪಾಸಿಟರಿಗೆ ಸೀಸದ ಬೆಸುಗೆ ಹಾಕುತ್ತಿರುತ್ತಾನೆ. ‘ಸಂಯೋಜನೆ’ ಎಲ್ಲದಕ್ಕೂ ಸಲ್ಲುತ್ತದೆ, ಹಾಗಾಗಿ ಇಲ್ಲಿ ಏನನ್ನೂ ಹೇಳುವುದಿಲ್ಲ. ‘ಗುಣಾಂಕ’ ಸೇರಿಸಿದರೆ, ಕ್ವಾಲಿಟಿಯ (ಗುಣದ) ಅಳತೆಯಾದ ಕ್ಯೂ ಜೊತೆ ಕಲಸಿಹೋಗುವ ಭಯ.

ನನಗೆ ಹಿಡಿಸಿರುವುದು ‘ತಳುಕು’. ಒಂದರ ಬಲರೇಖೆ ಇನ್ನೊಂದರೊಳಗೆ ಹೆಣೆದುಕೊಂಡಿದೆ ಅನ್ನುವ ಚಿತ್ರ ಅದರಲ್ಲೇ ಇದೆ. ಬಿಗಿ ತಳುಕು, ಸಡಿಲ ತಳುಕು ಅನ್ನಬಹುದು. ‘ತಳುಕು 0.1’ ಅಂತ ಅಳೆದೂ ಹೇಳಬಹುದು. ಅನುಮಾನ ಇರುವುದು ಒಂದೇ. ಪತ್ರಿಕೆಗಳಲ್ಲಿ ‘ಇದನ್ನು ರಾಜಕೀಯಕ್ಕೆ ತಳುಕು ಹಾಕಬೇಡಿ’ ಅಂತ ಓದಿ ಓದಿ ಆ ಪದಕ್ಕೆ ಆರೋಪದ ವಾಸನೆ ಹತ್ತಿದೆಯಾ? ‘ಹಾಕು’ ಇಲ್ಲದೆ ಸುಮ್ನೆ ‘ತಳುಕು’ ಅಂದಾಗಲೂ ನಿಮಗೆ ಹಾಗೆ ಕೇಳಿಸುತ್ತದಾ?

ಇನ್ನೊಂದು ಕೇಳಬೇಕು. ಹಳೆಯ ರೇಡಿಯೊ ರಿಪೇರಿ ಮಾಡುತ್ತಿದ್ದವರು ರೇಡಿಯೊದೊಳಗಿನ ಐಎಫ್ ಅನ್ನುವ ಪುಟ್ಟ ಲೋಹದ ಡಬ್ಬಿಯ ಫೆರೈಟ್ ತಿರುಪು ತಿರುಗಿಸಿ ಟ್ಯೂನ್ ಮಾಡುತ್ತಿದ್ದರು. ಅದರೊಳಗಿನ ಎರಡು ಸುರುಳಿಗಳ ನಂಟಿಗೆ ಅವರು ಏನನ್ನುತ್ತಿದ್ದರು? ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ ಬೇರೆ ಮಾತು ಇದೆಯಾ? ಹುಬ್ಬಳ್ಳಿ, ರಾಯಚೂರು, ಮಂಗಳೂರು ಕಡೆಯವರು ಕಿವಿಯಾರೆ ಕೇಳಿದ್ದನ್ನು ತಿಳಿಸಿದರೆ ದೊಡ್ಡ ಉಪಕಾರ.