ಹೊಸ ವೆಬ್‌ಸೈಟ್‌ಗೆ ಗೂಗಲ್‌ನಿಂದ ಯಾರೂ ಬರ್ತಿಲ್ಲ, ಎಲ್ಲಿ ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೈಕಲ್ ರಿಪೇರಿ ಬಗ್ಗೆ ವರ್ಡ್‌ಪ್ರೆಸ್‌ನಲ್ಲಿ ಒಂದು ವೆಬ್‌ಸೈಟ್ ಮಾಡಿದ್ದೇನೆ. ಲೇಖನಗಳು ಸಾಕಷ್ಟಿವೆ, ಸೈಟ್‌ಮ್ಯಾಪ್ (ಎಲ್ಲ ಪುಟಗಳ ವಿಳಾಸದ ಪಟ್ಟಿ) ಕೂಡ ಗೂಗಲ್‌ಗೆ ಕೊಟ್ಟಾಗಿದೆ. ಆದರೂ ಗೂಗಲ್‌ನಿಂದ ಒಬ್ಬರೂ ಬರುತ್ತಿಲ್ಲ. ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟಿಗೆ ಬರುವ ಲಿಂಕ್) ಪ್ಯಾಕೇಜ್ ತಗೊಳ್ಳಿ ಅಂತ ಒಬ್ಬರು, ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಹಾಕುವ ಹುಡುಕು ಪದಗಳು) ತುಂಬಿ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದನ್ನು ಮೊದಲು ಮಾಡಲಿ?

ಉತ್ತರ

ದಯವಿಟ್ಟು ಎರಡೂ ಬೇಡ. ಮೆಟಾ ಕೀವರ್ಡ್ಸ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ರ‍್ಯಾಂಕಿಂಗ್‌ಗಾಗಿ ದುಡ್ಡು ಕೊಟ್ಟು ಲಿಂಕ್ ತಗೊಳ್ಳುವುದು ಅವರ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ಹೊಸ ಸೈಟಿಗೆ ಆ ಅಪಾಯ ಯಾಕೆ?

ಮೊದಲು ನಿಮ್ಮ ಪುಟಗಳು ಇಂಡೆಕ್ಸ್ ಆಗಿವೆಯಾ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿವೆಯಾ ನೋಡಿ. ಆಗದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ‘ಪೇಜಸ್’ ರಿಪೋರ್ಟ್‌ನಲ್ಲಿ ಏನು ಕಾರಣ ಕೊಟ್ಟಿದೆಯೋ ಅದನ್ನು ಹಾಗೇ ಇಲ್ಲಿ ಹಾಕಿ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಅಂತ ಇದೆ. ಅಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಆಯ್ಕೆಗೆ ಟಿಕ್ ಬಿದ್ದಿದೆಯಾ ಅಂತಲೂ ನೋಡಿ. ಬಿದ್ದಿದ್ದರೆ ಎಲ್ಲ ಪುಟಕ್ಕೂ ನೋಇಂಡೆಕ್ಸ್, ಅಂದರೆ ‘ಪಟ್ಟಿಗೆ ಸೇರಿಸಬೇಡ’ ಅನ್ನುವ ಸೂಚನೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಟಿಕ್ ಇಲ್ಲ ಸರ್. ಜಾಸ್ತಿ ಪುಟಗಳಿಗೆ ‘ಆಲ್ಟರ್ನೇಟ್ ಪೇಜ್ ವಿತ್ ಪ್ರಾಪರ್ ಕೆನಾನಿಕಲ್ ಟ್ಯಾಗ್’ ಅಂತ ಬಂದಿದೆ. ಕೆಲವಕ್ಕೆ ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’. ಪ್ರಾಪರ್ ಅಂತ ಇದೆ, ಅಂದ್ರೆ ಅದು ಸರಿ ಇದೆ ಅಲ್ವಾ?

ಉತ್ತರ

ಇಲ್ಲ, ತೊಂದರೆ ಇರುವುದೇ ಅಲ್ಲಿ. ‘ನಾನು ನಕಲು, ಅಸಲಿ ಪುಟ ಬೇರೆ ವಿಳಾಸದಲ್ಲಿದೆ’ ಅಂತ ನಿಮ್ಮ ಪುಟದ ಕೆನಾನಿಕಲ್ ಟ್ಯಾಗೇ ಗೂಗಲ್‌ಗೆ ಹೇಳುತ್ತಿದೆ. ಗೂಗಲ್ ಅದನ್ನು ನಂಬಿದೆ. ಯಾವುದಾದರೂ ಒಂದು ಲೇಖನದ ವಿಳಾಸವನ್ನು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹಾಕಿ. ‘ಯೂಸರ್ ಡಿಕ್ಲೇರ್ಡ್ ಕೆನಾನಿಕಲ್’ ಎದುರು ಯಾವ ವಿಳಾಸ ಇದೆ? ಸೈಟನ್ನು ಮೊದಲು ಟೆಸ್ಟ್ ಸಬ್‌ಡೊಮೈನ್‌ನಲ್ಲಿ (ಪ್ರಯೋಗಕ್ಕೆ ಮಾಡುವ ಉಪವಿಳಾಸದಲ್ಲಿ) ಕಟ್ಟಿದ್ದಾ?

ಪ್ರಶ್ನೆ ಕೇಳಿದವರು

ಹೌದು! ಅಲ್ಲಿ ಟೆಸ್ಟ್ ವಿಳಾಸವೇ ಇದೆ. ಗೂಗಲ್‌ನಲ್ಲಿ ಹುಡುಕಿದರೆ ಟೆಸ್ಟ್ ಪ್ರತಿಯ ಪುಟಗಳೇ ಸಿಗುತ್ತಿವೆ. ಅದನ್ನು ರೋಬೋಟ್ಸ್ ಫೈಲ್‌ನಲ್ಲಿ (ಸರ್ಚ್ ಎಂಜಿನ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ ಫೈಲ್) ಬ್ಲಾಕ್ ಮಾಡಿಬಿಡಲಾ?

ಉತ್ತರ

ಖಂಡಿತ ಬೇಡ. ಬ್ಲಾಕ್ ಮಾಡಿದರೆ ಪುಟಗಳನ್ನು ಓದಲು ಬರುವ ಗೂಗಲ್‌ಬಾಟ್ ಒಳಗೇ ಹೋಗುವುದಿಲ್ಲ. ಆಮೇಲೆ ನೀವು ಹಾಕುವ ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ತಿರುಗಿಸುವುದು) ಆಗಲಿ, ನೋಇಂಡೆಕ್ಸ್ ಆಗಲಿ ಅದಕ್ಕೆ ಕಾಣುವುದೇ ಇಲ್ಲ. ಹಳೆಯ ವಿಳಾಸ ಇಂಡೆಕ್ಸ್‌ನಲ್ಲಿ ಹಾಗೇ ಉಳಿಯಬಹುದು.

ಟೆಸ್ಟ್ ಸೈಟಿನ ಒಂದೊಂದು ಪುಟದಿಂದಲೂ ಅದೇ ಲೇಖನದ ಅಸಲಿ ವಿಳಾಸಕ್ಕೆ 301 (ಶಾಶ್ವತ) ರೀಡೈರೆಕ್ಟ್ ಹಾಕಿ. ಎಲ್ಲವನ್ನೂ ಹೋಮ್ ಪೇಜಿಗೆ ತಿರುಗಿಸಬೇಡಿ. ಎಸ್‌ಇಒ (ಸರ್ಚ್‌ನಲ್ಲಿ ಸೈಟ್ ಚೆನ್ನಾಗಿ ಕಾಣುವಂತೆ ಮಾಡುವ ಕೆಲಸ) ಪ್ಲಗಿನ್‌ನಲ್ಲಿ ಕೆನಾನಿಕಲ್ ಸರಿಪಡಿಸಿ, ಕ್ಯಾಶ್ (ಉಳಿಸಿಟ್ಟ ಹಳೆಯ ಪ್ರತಿ) ಖಾಲಿ ಮಾಡಿ, ಪೇಜ್ ಸೋರ್ಸ್ (ಪುಟದ ಕೋಡ್) ತೆರೆದು ಕಣ್ಣಾರೆ ನೋಡಿ. ಸೈಟ್‌ಮ್ಯಾಪ್‌ನಲ್ಲಿ, ಲೇಖನಗಳ ಒಳಗಿನ ಲಿಂಕ್‌ಗಳಲ್ಲಿ ಹಳೆಯ ವಿಳಾಸ ಉಳಿದಿರುತ್ತದೆ, ಅದನ್ನೂ ಬದಲಿಸಿ. ಮುಖ್ಯವಾದ ಕೆಲವು ಪುಟಗಳಿಗೆ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಕೊಟ್ಟರೆ ಸಾಕು. ಸುಮ್ನೆ ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ. ಕೆಲವು ವಾರ ಹಿಡಿಯಬಹುದು.

ಮತ್ತೊಬ್ಬರು

‘ಡಿಸ್ಕವರ್ಡ್’ ಅಂತಿರುವ ಪುಟಗಳ ಬಗ್ಗೆ ಒಂದು ಮಾತು. ಗೂಗಲ್‌ಗೆ ಅವುಗಳ ವಿಳಾಸ ಗೊತ್ತು, ಇನ್ನೂ ತೆರೆದು ನೋಡಿಲ್ಲ. ಅವಕ್ಕೆ ಬೇರೆ ಲೇಖನಗಳಿಂದ ಲಿಂಕ್ ಇದೆಯಾ ನೋಡಿ. ಬರೀ ಸೈಟ್‌ಮ್ಯಾಪ್‌ನಲ್ಲಿರುವ ಪುಟ ಹಿಂದೆ ಬೀಳುವುದು ಸಾಮಾನ್ಯ.

ಟೈಟಲ್‌ಗಳನ್ನೂ ಬದಲಿಸಿ. ‘ಸೈಕಲ್ ಟಿಪ್ಸ್, ಭಾಗ 7’ ಅಂತ ಯಾರೂ ಹುಡುಕುವುದಿಲ್ಲ. ‘ಗೇರ್ ಬದಲಿಸುವಾಗ ಚೈನ್ ಕಳಚಿಕೊಳ್ಳುತ್ತಿದೆಯಾ?’ ಅಂತ ಹುಡುಕುತ್ತಾರೆ.

ಪ್ರಶ್ನೆ ಕೇಳಿದವರು

ರೀಡೈರೆಕ್ಟ್ ಹಾಕಿದ ಮೇಲೆ ಪುಟಗಳು ಒಂದೊಂದಾಗಿ ಇಂಡೆಕ್ಸ್ ಆಗುತ್ತಿವೆ. ತುಂಬಾ ಥ್ಯಾಂಕ್ಸ್! ಬ್ರೇಕ್ ಸದ್ದಿನ ಲೇಖನಕ್ಕೆ ಇಂಪ್ರೆಷನ್ಸ್ (ಹುಡುಕಿದವರಿಗೆ ಲಿಂಕ್ ಕಾಣಿಸಿದ ಸಲ) ಚೆನ್ನಾಗಿ ಬರುತ್ತಿವೆ, ಆದರೆ ಕ್ಲಿಕ್ ಇಲ್ಲ. ಸರಾಸರಿ ಪೊಸಿಷನ್ 18.

ಉತ್ತರ

ಪೊಸಿಷನ್ 18 ಅಂದರೆ ಸುಮಾರಾಗಿ ಎರಡನೇ ಪುಟ. ಅಷ್ಟು ದೂರ ಹೋಗುವವರು ಕಡಿಮೆ, ಹಾಗಾಗಿ ಕ್ಲಿಕ್ ಇಲ್ಲದಿರುವುದು ಸಹಜ. ಪರ್ಫಾರ್ಮೆನ್ಸ್ ರಿಪೋರ್ಟ್‌ನಲ್ಲಿ ಆ ಪುಟವನ್ನು ಆರಿಸಿ ‘ಕ್ವೆರೀಸ್’ ಓದಿ. ಎಸ್‌ಇಒದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು, ಜನ ತಮ್ಮದೇ ಮಾತಿನಲ್ಲಿ ಕೇಳಿರುತ್ತಾರೆ.

ಪ್ರಶ್ನೆ ಕೇಳಿದವರು

ನೋಡಿದೆ. ಬಹಳಷ್ಟು ಜನ ಡಿಸ್ಕ್ ಬ್ರೇಕ್ ಬಗ್ಗೆ ಹುಡುಕಿದ್ದಾರೆ. ನನ್ನ ಲೇಖನದಲ್ಲಿರುವುದು ರಿಮ್ ಬ್ರೇಕ್ ಮಾತ್ರ.

ಉತ್ತರ

ಹಾಗಾದರೆ ಡಿಸ್ಕ್ ಬ್ರೇಕ್‌ಗೆ ಬೇರೆ ಲೇಖನ ಬರೆಯಿರಿ. ರೋಟರ್‌ಗೆ (ಬ್ರೇಕಿನ ತಟ್ಟೆಗೆ) ಎಣ್ಣೆ ತಾಗಿದರೆ ಯಾಕೆ ಕಿರುಗುಟ್ಟುತ್ತದೆ, ಹೇಗೆ ಒರೆಸಬೇಕು, ಪ್ಯಾಡ್ ಯಾವಾಗ ಬದಲಿಸಬೇಕು, ಎಲ್ಲಕ್ಕೂ ನಿಮ್ಮದೇ ಫೋಟೋ ಹಾಕಿ. ಈಗಿನ ಲೇಖನದ ಮೇಲ್ಭಾಗದಿಂದಲೇ ಅದಕ್ಕೆ ಲಿಂಕ್ ಕೊಡಿ.